ಬೀಗಿತ್ತಿಯ ಕಡೆ ಕೂತ ಮಗಳಿಗೆ

ಬೂಕನಕೆರೆ
ಮಂಗಳವಾರ, ೪-೪-೧೯೬೭

ನನ್ನ ಮುದ್ದು ಮಗಳು ಸೌಭಾಗ್ಯವತಿ ಪಾರ್ವತಿಗೆ ನಿನ್ನ ತಾಯಿ ಪುಟ್ಟಗೌರಮ್ಮ ಮಾಡುವ ಆಶೀರ್ವಾದ.

ಇಲ್ಲಿ ನಿಮ್ಮಪ್ಪ ಚೆನ್ನಾಗಿದ್ದಾರೆ. ನಿಮ್ಮಜ್ಜಿ ಚಿಕ್ಕಬೋರಮ್ಮನವರು ಚೆನ್ನಾಗಿದ್ದಾರೆ. ಕಪಿಲೆ ಕರು ಹಾಕಿದೆ, ಅದೂ ಚೆನ್ನಾಗಿದೆ. ನಾನೊಬ್ಬಳೇ ಚೆನ್ನಾಗಿಲ್ಲ. ಮೈಗೆ ಏನೂ ಆಗಿಲ್ಲ, ಗಾಬರಿ ಬೀಳಬೇಡ. ನಿನ್ನ ಕಾಗದ ಬಂದ ದಿನದಿಂದ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟುಕೊಂಡು ಮಳೆ ಬೆಳೆಯ ವಿಷಯ ಬರೆಯೋಣ ಅಂತ ಎರಡು ದಿನ ನೋಡಿದೆ, ಆಗಲಿಲ್ಲ.

ನೀನು ಬರೆದದ್ದು ಪೂರ್ತಿ ಬಾಯಿಪಾಠವಾಗಿದೆ. ನಾಗಮಂಗಲದಲ್ಲಿ ಆಸ್ಪತ್ರೆ ಮನೆಗೆ ಹತ್ತಿರ, ನರ್ಸಮ್ಮನ ಕೈಗುಣ ಒಳ್ಳೆಯದು, ಅದಕ್ಕೇ ಚೊಚ್ಚಲ ಹೆರಿಗೆ ಇಲ್ಲೇ ಆಗಲಿ, ಬಾಣಂತನ ನಾನೇ ಮಾಡುತ್ತೇನೆ ಅಂತ ನಿಮ್ಮತ್ತೆ ದ್ಯಾವಮ್ಮನವರು ಹೇಳಿದರಂತೆ. ನೀನು ಹೂಂ ಅಂದೆಯಂತೆ. ಅಳಿಯಂದಿರು ಚಿಕ್ಕಸ್ವಾಮಿಯವರೂ ಹೂಂ ಅಂದರಂತೆ. ಎಲ್ಲಾ ಹೂಂಗಳೂ ಮುಗಿದ ಮೇಲೆ ಕೊನೆಗೆ ‘ನಿನ್ನ ಅಭಿಪ್ರಾಯ ತಿಳಿಸವ್ವ’ ಅಂತ ಒಂದು ಸಾಲು. ಅಲ್ಲ ಕಣವ್ವ, ಚೊಚ್ಚಲು ತವರಿನಲ್ಲಾಗಬೇಕು ಅನ್ನುವುದಕ್ಕೆ ನನ್ನ ಅಭಿಪ್ರಾಯ ಬೇರೆ ಬೇಕೆ? ನನಗೇನು ಹತ್ತು ಮಕ್ಕಳಿದ್ದಾರೆಯೇ, ಇದು ತಪ್ಪಿದರೆ ಇನ್ನೊಂದು ಅನ್ನುವುದಕ್ಕೆ? ಹಿತ್ತಿಲ ಕಡೆ ಕೋಣೆಗೆ ಸುಣ್ಣ ಬಳಿಸಿದ್ದೇನೆ. ಹಳೆಯ ಹತ್ತಿ ಸೀರೆಗಳನ್ನೆಲ್ಲ ಒಗೆದು ಮೆತ್ತಗೆ ಮಾಡಿ ಮಡಿಸಿಟ್ಟಿದ್ದೇನೆ. ನಿಮ್ಮಪ್ಪ ಕೆ.ಆರ್. ಪೇಟೆ ಸಂತೆಯಿಂದ ಒಣಶುಂಠಿ, ಬೆಳ್ಳುಳ್ಳಿ, ಹರಳೆಣ್ಣೆ ತಂದು ಅಟ್ಟದ ಮೇಲೆ ಜೋಡಿಸಿದ್ದಾರೆ. ಇದನ್ನೆಲ್ಲ ಈಗ ನಾನು ತಲೆಗೆ ಹಚ್ಚಿಕೊಂಡು ಕೂರಲೇ?

ಬಾಣಂತನದ ಮಾತು ಹಾಗಿರಲಿ. ಅದಕ್ಕಿಂತ ಉರಿ ಎಬ್ಬಿಸಿದ್ದು ಇನ್ನೊಂದು. ಶನಿವಾರ ಸಂಜೆ ನೀನೂ ನಿಮ್ಮತ್ತೆಯೂ ಅರಳಿಕಟ್ಟೆಯಲ್ಲಿ ಕೂತು ಊರಿನ ಮುದುಕ ಮುದುಕಿಯರಿಗೆ ಪದ ಹೇಳುತ್ತೀರಂತೆ. ಅವರದು ತಾಳ, ನಿನ್ನದು ದಮ್ಮಡಿ. ದಮ್ಮಡಿಯ ಬಿಲ್ಲೆಗಳಿಗೆ ಬಟ್ಟೆ ಸುತ್ತಿಕೊಂಡಿದ್ದೀಯಂತೆ. ‘ಹಂಗೆ ಸುತ್ತಿದ್ರೆ ವಯಸ್ಸಾದೋರಿಗೆ ಮಾತು ಚೆನ್ನಾಗಿ ಕೇಳ್ತದೆ ಅಂದೆ, ಅತ್ತೆಗೆ ಭಾರಿ ಖುಷಿಯಾಯ್ತು’ ಅಂತ ನೀನು ಹೆಮ್ಮೆಯಿಂದ ಬರೆದಿದ್ದೀಯ. ಖುಷಿಯಾಗದೆ ಏನು! ಅದು ಯಾರು ಕಂಡುಕೊಂಡದ್ದು? ಕಿವಿ ಮಂದವಾದವರಿಗೆ ಬಿಲ್ಲೆಯ ಝಣಝಣ ಮೊದಲು ಹೋಗಿ ಬಡಿಯುತ್ತದೆ, ಪದದ ಮಾತು ಹಿಂದೆ ಉಳಿದುಬಿಡುತ್ತದೆ ಅಂತ ನನ್ನ ರವಿಕೆ ಬಟ್ಟೆ ಹರಿದು ಸುತ್ತಿದವಳು ಯಾರು? ನನ್ನ ಮನೆಯ ಗುಟ್ಟನ್ನು ಒಯ್ದು ಬೀಗಿತ್ತಿಯ ಮಡಿಲಿಗೆ ಹಾಕಿದ್ದೀಯ.

ನಿನಗೆ ನೆನಪಿದೆಯೋ ಇಲ್ಲವೋ, ಈಶ್ವರನ ಗುಡಿ ಜಗಲಿಯಲ್ಲಿ ನಾವಿಬ್ಬರೂ ಸೋಮವಾರ ಕೂರುತ್ತಿದ್ದದ್ದು. ಗೋವಿಂದನಹಳ್ಳಿಯಲ್ಲಿ ನಮ್ಮಪ್ಪ ನನ್ನ ಹೆಗಲಿಗೆ ತಂಬೂರಿ ತಗುಲಿಸಿದಾಗ, ಹೆಣ್ಣುಮಗೀಗ್ಯಾಕೆ ತಂಬೂರಿ ಅಂತ ಊರೇ ನಕ್ಕಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನನಗೆ ಜೊತೆ ಅಂತ ಯಾರೂ ಇರಲಿಲ್ಲ. ಪದ ಅಂದರೆ ಒಬ್ಬರು ಮುಂದೆ ಹೇಳಬೇಕು, ಇನ್ನೊಬ್ಬರು ಹಿಂದಿನಿಂದ ಸೊಲ್ಲು ಎತ್ತಬೇಕು. ನಾನು ಗೋಡೆಗೆ ಹೇಳಿಕೊಂಡು ಗೋಡೆಯಿಂದ ಸೊಲ್ಲು ಎತ್ತಿಸಿಕೊಳ್ಳುತ್ತಿದ್ದೆ. ನೀನು ಮಾತು ಕಲಿತ ಮೇಲೆ ನನಗೆ ಸೊಲ್ಲು ಬಂತು. ನಿನ್ನ ಅಂಗೈ ದಮ್ಮಡಿಯ ಚರ್ಮಕ್ಕೆ ಸಾಲುವ ಹೊತ್ತಿಗೆ ನಮ್ಮ ಜಗಲಿ ತುಂಬುತ್ತಿತ್ತು.

ಬರುವವರೆಲ್ಲ ವಯಸ್ಸಾದವರೇ. ಮುದುಕರಿಗೆ ವೈರಾಗ್ಯದ ಪದ ಬೇಕು ಅಂತ ಓದಿದವರು ಅಂದುಕೊಳ್ಳುತ್ತಾರೆ. ಹೋಗುವ ದಾರಿಯನ್ನು ಅವರಿಗೆ ನಾವು ತೋರಿಸಬೇಕೇ? ನಾವು ಮೊದಲು ಬಿತ್ತನೆಯ ಪದ ಹಿಡಿಯುತ್ತಿದ್ದೆವು, ಆಮೇಲೆ ರಾಗಿ ಬೀಸುವ ಪದ. ಬೀಸುವ ಪದ ಬಂದರೆ ಸಾಕು, ಕೂತ ಮುದುಕಿಯರ ಬಲಗೈ ತಾನೇ ತಾನಾಗಿ ಸುತ್ತಲು ಶುರು. ಉದ್ದ ಸಾಲಿನ ಪದ ಬೇಡ ಅನ್ನುತ್ತಿದ್ದೆ, ಏಕೆಂದರೆ ಅವರೂ ಜೊತೆಗೆ ಹೇಳಲು ಬಾಯಿ ತೆರೆಯುತ್ತಾರೆ, ಉಸಿರು ಸಾಲದೆ ಸುಮ್ಮನಾಗಿ ನೊಂದುಕೊಳ್ಳುತ್ತಾರೆ. ದೇವಯ್ಯನವರು ಬಂದ ದಿನ ಮಗನನ್ನು ಕಳೆದುಕೊಂಡವರ ಪದ ಎತ್ತುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯ, ತಂಬೂರಿ ತಗ್ಗಿನಲ್ಲಿರಬೇಕು. ಏರು ದನಿ ಹಳೆಯ ಕಿವಿಗೆ ಹೋಗುವುದೇ ಇಲ್ಲ, ತಗ್ಗು ದನಿ ಎದೆಯಿಂದಲಾದರೂ ಒಳಗೆ ಇಳಿಯುತ್ತದೆ. ಇಷ್ಟನ್ನೂ ನಿನಗೆ ಹೇಳಿಕೊಟ್ಟೆ. ಹೇಳಿಕೊಟ್ಟದ್ದು ಈಗ ನಾಗಮಂಗಲದ ಅರಳಿಕಟ್ಟೆಗೆ ಹೋಗಿ ಸೇರಿತು.

ನೀನು ಹೋದ ಮೇಲೆ ಸೋಮವಾರಗಳು ಹೇಗಿವೆ ಅಂತ ನೀನು ಒಂದು ಸಲವೂ ಕೇಳಲಿಲ್ಲ. ಪಕ್ಕದ ಮನೆಯ ಯಶೋದಮ್ಮನನ್ನು ಕೂರಿಸಿಕೊಂಡು ನೋಡಿದೆ, ಅವಳು ಸೊಲ್ಲು ಎತ್ತುವ ಹೊತ್ತಿಗೆ ಆಕಳಿಸುತ್ತಾಳೆ. ಈಗ ನಾನೊಬ್ಬಳೇ ಹೇಳುತ್ತೇನೆ.

ಇನ್ನು ಶಿವರಾತ್ರಿ ಕಳೆದು ನೀವು ಬಂದಿರಲ್ಲ, ಆ ಸೋಮವಾರದ ಮಾತಿಗೆ ಬರುತ್ತೇನೆ. ನೀನು ಬಸುರಿ ಅಂತ ತಿಳಿದ ಮೇಲೆ ಮೊದಲ ಸಲ ತವರಿಗೆ ಬರುತ್ತಿದ್ದೀಯ ಅಂತ ನಾನು ವಾರದಿಂದ ಪದ ಆರಿಸುತ್ತಿದ್ದೆ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ನೀನು ಮುಂದೆ ಹೇಳಬೇಕು, ಎಲ್ಲಿ ನಾನು ಸೊಲ್ಲು ಎತ್ತಬೇಕು, ಎಲ್ಲ ಲೆಕ್ಕ ಹಾಕಿಕೊಂಡಿದ್ದೆ. ಬಸ್ಸಿನಿಂದ ನಿನ್ನ ಹಿಂದೆಯೇ ನಿಮ್ಮತ್ತೆಯೂ ಇಳಿದರು. ಸೆರಗಿನ ಗಂಟಿನಲ್ಲಿ ತಾಳ ಕಟ್ಟಿಕೊಂಡು ಬಂದಿದ್ದರು. ಬೀಗರ ಮನೆಗೆ ಬರುವವರು ಬಾಳೆಹಣ್ಣು ತರುತ್ತಾರೆ, ಇವರು ತಾಳ ತಂದರು. ಬಾಳೆಹಣ್ಣೂ ತಂದಿದ್ದರು, ಇಲ್ಲ ಅನ್ನುವುದಿಲ್ಲ. ಬರೆಯುವಾಗ ‘ಅವರು, ಇವರು’ ಅಂತ ಮರ್ಯಾದೆಯಾಗಿ ಬರೆಯುತ್ತಿದ್ದೇನೆ, ಮನಸ್ಸಿನೊಳಗೆ ಏನನ್ನುತ್ತಿದ್ದೇನೆ ಅಂತ ಕೇಳಬೇಡ.

ಜಗಲಿಯಲ್ಲಿ ನಾವಿಬ್ಬರೂ ಎರಡು ಪದ ಹೇಳಿದೆವು. ನಿನ್ನ ಕೈ ಹಾಗೇ ಇತ್ತು, ಒಂದು ಪೆಟ್ಟೂ ಅತ್ತಿತ್ತ ಆಗಲಿಲ್ಲ. ನನ್ನ ಪ್ರಾಣ ಎಷ್ಟು ಹಗುರವಾಗಿತ್ತು ಅಂತ ನಿನಗೆ ಹೇಗೆ ಹೇಳಲಿ. ಅಷ್ಟರಲ್ಲಿ ದೇವಯ್ಯನವರು ‘ಬೀಗಿತ್ತೀರು ಬಂದವ್ರೆ, ಅವರ್ದೂ ಒಂದಾಗ್ಲಿ ಕಣವ್ವ’ ಅಂದರು. ನಿಮ್ಮತ್ತೆ ಬೇಡ ಬೇಡ ಅನ್ನುತ್ತಲೇ ತಾಳ ಬಿಚ್ಚಿದರು. ಎತ್ತಿದ್ದು ಏನು? ಬೀಗರ ಪದ! ಮದುವೆ ಚಪ್ಪರದಲ್ಲಿ ಎರಡು ಕಡೆಯವರು ಒಬ್ಬರನ್ನೊಬ್ಬರು ಕಿಚಾಯಿಸುವ ಪದವನ್ನು ಕೋಲು ಹಿಡಿದು ಬಂದ ಮುದುಕರ ಮುಂದೆ ಎತ್ತಿದರು.

‘ಬೂಕ್ನಕೆರೆ ಬೀಗಿತ್ತಿ ಬಲು ಮರ್ವಾದೆ ಮಾಡವ್ಳೆ
ಉಂಡು ಕೈಯ ತೊಳೆದ್ ಮ್ಯಾಲೆ ಉಪ್ಪು ಬೇಕಾ ಅಂದವ್ಳೆ’

ಜಗಲಿ ಎದ್ದು ಬಿದ್ದು ನಕ್ಕಿತು. ಹಲ್ಲಿಲ್ಲದ ಬಾಯಿಗಳೆಲ್ಲ ಅಷ್ಟಗಲ. ಈ ಜನಕ್ಕೆ ಏನು ಹೇಳಬೇಕು ಅಂತ ನಾನು ಇಷ್ಟು ವರ್ಷ ತೂಗಿ ತೂಗಿ ಆರಿಸಿದೆನಲ್ಲ, ಬೀಗರ ಪದ ಹೇಳಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಅವರೆಲ್ಲ ಒಂದು ಕಾಲದಲ್ಲಿ ಮದುವಣಿಗರು, ಬೀಗರು, ಬೀಗಿತ್ತಿಯರೇ ತಾನೇ. ನಿಮ್ಮಜ್ಜಿಯಂತೂ ಕೆಮ್ಮು ಬರುವಷ್ಟು ನಕ್ಕರು. ಸೊಸೆಯನ್ನು ಬೀಗಿತ್ತಿ ಹಂಗಿಸಿದರೆ ಅತ್ತೆಗೆ ಅಷ್ಟು ಸಂತೋಷ!

ಅದನ್ನೂ ನಾನು ನುಂಗಿಕೊಳ್ಳುತ್ತಿದ್ದೆ. ಆದರೆ ನೀನು ಮಾಡಿದ್ದೇನು? ಅಲ್ಲಿಯವರೆಗೆ ನನ್ನ ಪಕ್ಕ ಕೂತಿದ್ದವಳು, ಅವರು ಎರಡನೆಯ ಸಾಲು ಎತ್ತುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಎದ್ದು, ಚಾಪೆ ದಾಟಿ, ಆ ಕಡೆ ಹೋಗಿ ಕೂತೆ. ಕೂತು ದಮ್ಮಡಿ ಬಾರಿಸಿ ಅವರ ಸೊಲ್ಲು ಎತ್ತಿದೆ. ಬೀಗರ ಪದಕ್ಕೆ ಎರಡು ಕಡೆಯಾಗಬೇಕು, ಕೊಟ್ಟ ಹೆಣ್ಣು ಗಂಡಿನ ಕಡೆಯೇ ಕೂರಬೇಕು, ಅದು ಪದ್ಧತಿ ಅನ್ನುತ್ತೀಯ. ಪದ್ಧತಿ ನನಗೂ ಗೊತ್ತು. ಹೊಟ್ಟೆಗೆ ಪದ್ಧತಿ ಗೊತ್ತಿಲ್ಲ ಕಣವ್ವ. ಉಪ್ಪು ಬೇಕಾ ಅಂದವ್ಳೆ ಅಂತ ನನ್ನ ಮುಖ ನೋಡಿಕೊಂಡೇ ನೀನು ಹೇಳಿದಾಗ ನಾನು ನಗಬೇಕಾಗಿತ್ತು. ಬಾಯಿ ನಕ್ಕಿತು.

ಎದುರು ಪದ ಹೇಳುವ ಸರದಿ ನನ್ನದಾಯಿತು. ನನಗೆ ಬೀಗರ ಪದ ಬರುವುದಿಲ್ಲವೇ? ಬೇಕಾದಷ್ಟು ಬರುತ್ತವೆ. ಆದರೆ ಆವತ್ತು ತಂಬೂರಿ ಏಕೋ ಏರಿ ಕೂತಿತ್ತು. ಬಿಸಿಲಿಗೆ ತಂತಿ ಬಿಗಿದುಕೊಂಡಿರಬೇಕು. ಆ ಏರಿನಲ್ಲೇ ಹೇಳಿದೆ. ದೇವಯ್ಯನವರು ಕಿವಿಗೆ ಕೈ ಕೊಟ್ಟು ‘ಏನಂದ್ಲು ಗೌರಮ್ಮ? ಏನಂದ್ಲು?’ ಅಂತ ಪಕ್ಕದವರನ್ನು ಕೇಳುತ್ತಿದ್ದರು. ಪಕ್ಕದವರಿಗೂ ಕೇಳಿರಲಿಲ್ಲ. ಸೊಲ್ಲು ಎತ್ತುವವರು ಈ ಕಡೆ ಯಾರೂ ಇರಲಿಲ್ಲ. ನಾನು ಹೇಳಿದ್ದು ಗಾಳಿಗೆ ಹೋಯಿತು. ‘ನಾಗಮಂಗ್ಲದವ್ರೇ ಗೆದ್ರು’ ಅಂತ ನಿಮ್ಮಜ್ಜಿಯೇ ತೀರ್ಪು ಕೊಟ್ಟರು.

ಬಿಸಿಲಿಗೆ ಬಿಗಿದುಕೊಂಡಿತು ಅಂತ ಬರೆದೆನಲ್ಲ, ಅದನ್ನು ಹೊಡೆದುಹಾಕೋಣ ಅಂತ ನೋಡಿದೆ. ಮಸಿ ಒಡೆದು ಹಿಂದಿನ ಮಗ್ಗುಲಿಗೂ ಹೋಗುತ್ತದೆ, ಇರಲಿ. ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ನಿಮ್ಮತ್ತೆ ತಾಳದ ಗಂಟು ಬಿಚ್ಚುತ್ತಿದ್ದಾಗ ನಾನೇ ಬಿರಡೆ ತಿರುವಿ ತಂತಿ ಏರಿಸಿದೆ. ಅವರದು ಗಂಡಸಿನ ಹಾಗೆ ತಗ್ಗು ದನಿ ಅಂತ ನಿನ್ನ ಮದುವೆಯಲ್ಲೇ ಕಂಡುಕೊಂಡಿದ್ದೆ. ನನ್ನ ಶ್ರುತಿಗೆ ಸೇರಿಸಲು ಹೋಗಿ ಗಂಟಲು ಒಡೆಯಲಿ ಅನ್ನುವುದೇ ನನ್ನ ಆಸೆಯಾಗಿತ್ತು. ಅವರು ಅರ್ಧ ಸಾಲು ಹೇಳಿ ನಿಲ್ಲಿಸಿದರು. ನನ್ನ ತಂಬೂರಿಯನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಶ್ರುತಿ ಬಿಟ್ಟು, ನಿನ್ನ ದಮ್ಮಡಿಯ ಮೇಲೆ ತಮ್ಮ ದನಿಯಲ್ಲೇ ಹೇಳಿಕೊಂಡು ಹೋದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನನ್ನ ಸರದಿ ಬಂದಾಗ ತಂತಿ ಇಳಿಸೋಣ ಅಂದರೆ ಬಿರಡೆ ಕಚ್ಚಿಕೊಂಡುಬಿಟ್ಟಿತ್ತು. ಹಳೆಯ ಕಿವಿಗೆ ಏರು ದನಿ ಕೇಳುವುದಿಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ, ಅದರಲ್ಲಿ ಸಿಕ್ಕಿಕೊಂಡವಳೂ ನಾನೇ.

ನಿನಗೂ ಗೊತ್ತಾಯಿತು ಆವತ್ತು. ನಿನ್ನ ಮುಖ ಇಳಿದದ್ದು ನೋಡಿದೆ. ಮಾರನೆಯ ದಿನ ಬಸ್ಸು ಹತ್ತುವಾಗ ನೀನು ನನ್ನ ಕೈ ಹಿಡಿದುಕೊಂಡೆಯೇ ಹೊರತು ಏನೂ ಕೇಳಲಿಲ್ಲ. ಕಾಗದದಲ್ಲೂ ಅದರ ಸುದ್ದಿಯಿಲ್ಲ, ಹೆರಿಗೆ ನಾಗಮಂಗಲದಲ್ಲೇ ಆಗಲಿ ಅನ್ನುವುದು ಮಾತ್ರ ಇದೆ. ನಿಜ ಹೇಳು ಪಾರ್ವತಿ, ಆಸ್ಪತ್ರೆ ಹತ್ತಿರ ಅನ್ನುವುದು ನೆಪ ತಾನೇ? ಇಂಥ ಹೊಟ್ಟೆಕಿಚ್ಚಿನವಳ ಹತ್ತಿರ ಬಾಣಂತನ ಬೇಡ ಅನ್ನಿಸಿತೇ? ಹೌದು ಅಂತಿದ್ದರೂ ಬರೆಯಬೇಡ. ಸುಮ್ಮನೆ ಬಂದುಬಿಡು.

ಉಳಿದವರ ಹೆಣ್ಣುಮಕ್ಕಳು ಅತ್ತೆ ಕಾಟ ಅಂತ ಅಳುತ್ತಾ ತವರಿಗೆ ಬರುತ್ತಾರೆ. ಯಶೋದಮ್ಮನ ಮಗಳು ಹೋದ ತಿಂಗಳು ಬಂದಿದ್ದಳು, ತಾಯಿ ಮಡಿಲಲ್ಲಿ ಮುಖ ಇಟ್ಟುಕೊಂಡು ಅತ್ತಳು. ಅದನ್ನು ನೋಡಿ ನನಗೆ ಯಶೋದಮ್ಮನ ಮೇಲೂ ಹೊಟ್ಟೆಕಿಚ್ಚಾಯಿತು. ಇಂಥ ತಾಯಿ ಎಲ್ಲಾದರೂ ಉಂಟೇ? ನಿಮ್ಮತ್ತೆ ನಿನಗೆ ಬಿಸಿನೀರು ಕಾಯಿಸಿಕೊಡುತ್ತಾರೆ, ತಲೆ ಬಾಚುತ್ತಾರೆ, ಪದ ಹೇಳಿಕೊಡುತ್ತಾರೆ. ನಾನು ದೇವರಲ್ಲಿ ಕೇಳಿಕೊಂಡದ್ದು ಅಂಥ ಅತ್ತೆಯನ್ನೇ. ದೇವರು ಇಷ್ಟು ಧಾರಾಳವಾಗಿ ಕೊಡಬೇಕಾಗಿರಲಿಲ್ಲ.

ಇದೇ ನನ್ನ ತೀರ್ಮಾನ. ಯುಗಾದಿ ಕಳೆದ ಗುರುವಾರ ನಿಮ್ಮಪ್ಪ ಮೊದಲನೆಯ ಬಸ್ಸಿಗೆ ಬರುತ್ತಾರೆ. ಬಟ್ಟೆ ಕಟ್ಟಿಕೊಂಡು ಸಿದ್ಧವಾಗಿರು. ದಮ್ಮಡಿ ಮರೆಯಬೇಡ. ಶನಿವಾರದ ಸೊಲ್ಲಿಗೆ ನಿಮ್ಮತ್ತೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ. ನನ್ನ ಮಗಳನ್ನು ನಾನು ಅವರಿಗೆ ಕೊಟ್ಟಿದ್ದೇನೆ, ಚೊಚ್ಚಲನ್ನು ಕೊಟ್ಟಿಲ್ಲ. ಅಳಿಯಂದಿರಿಗೆ ಆಶೀರ್ವಾದ ತಿಳಿಸು. ನಿಮ್ಮತ್ತೆಗೆ ಏನು ತಿಳಿಸಬೇಕೋ ನಿನಗೆ ಬಿಟ್ಟದ್ದು.

ಇಂತಿ, ನಿನ್ನನ್ನು ಹೆತ್ತವಳು,
ಪುಟ್ಟಗೌರಮ್ಮ

ತಾ.ಕ.: ಕಾಗದವನ್ನು ಇನ್ನೂ ಅಂಟಿಸಿರಲಿಲ್ಲ. ಬರೆಯುವಾಗ ನಾನು ಒಬ್ಬಳೇ ಗೊಣಗುತ್ತಿದ್ದೆನಂತೆ, ಕಟ್ಟೆಯ ಮೇಲೆ ಕೂತಿದ್ದ ನಿಮ್ಮಜ್ಜಿ ‘ಏನದು, ಓದು’ ಅಂದರು. ಅವರ ಕಿವಿಯ ಹತ್ತಿರ ಗಟ್ಟಿಯಾಗಿ ಓದಬೇಕಾಯಿತು, ಬೀದಿಗೆಲ್ಲ ಕೇಳಿಸಿರಬೇಕು. ಬಿರಡೆಯ ಮಾತನ್ನು ನುಂಗಿಬಿಡೋಣ ಅಂದುಕೊಂಡಿದ್ದೆ, ಅದನ್ನೂ ಓದಿದೆ. ಪೂರ್ತಿ ಕೇಳಿ ಅವರು ನಗಲಿಲ್ಲ. ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಹೇಳಿದರು.

‘ನಾನೂ ಕೇಳಿದ್ದೆ ಕಣೆ ಗೌರಾ. ಚೊಚ್ಚಲು ಇಲ್ಲೇ ಆಗ್ಲಿ, ನಾನೇ ನೋಡ್ಕತೀನಿ ಅಂತ ನಿಮ್ಮವ್ವಂಗೆ ಯೋಳಿ ಕಳಿಸಿದ್ದೆ. ಅವ್ಳು ಗಾಡಿ ಕಟ್ಟಿಸ್ಕೊಂಡು ಬಂದು ನಿನ್ನ ಕರ್ಕೊಂಡೋದ್ಲು. ತಪ್ಪಂತ ಅಂತಿಲ್ಲ, ಪದ್ದತಿ ಅಂಗೇ ಐತೆ. ಮಗೀಗೆ ಐದು ತಿಂಗ್ಳಾದ್ ಮ್ಯಾಲೆ ಬಂದ್ರಿ. ಅಷ್ಟೊತ್ಗೆ ಅದು ನಿಮ್ಮವ್ವನ ಜೋಗುಳಕ್ಕೆ ನಿದ್ದೆ ಮಾಡಾದ ಕಲ್ತುಬುಟ್ಟಿತ್ತು. ನಾನೊಂದು ಜೋಗುಳ ಕಟ್ಟಿಟ್ಕೊಂಡಿದ್ದೆ, ಅದು ಅಂಗೇ ಉಳ್ಕತು.’

ಈ ಮನೆಗೆ ಬಂದ ದಿನದಿಂದ ನಾನೂ ಅವರೂ ಸೌದೆ, ಹಿಟ್ಟು, ಹಾಲು ಇಷ್ಟರ ಮೇಲೆ ಮಾತಾಡಿದವರಲ್ಲ. ಜಗಲಿಯ ಮುದುಕರಲ್ಲಿ ಯಾರಿಗೆ ಯಾವ ಪದ ಇಷ್ಟ ಅಂತ ನನಗೆ ಗೊತ್ತು. ಅವರ ನಡುವೆ ಕೂತಿದ್ದ ನಿಮ್ಮಜ್ಜಿಗೆ ಪದ ಬರುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಗೋಡೆಗೆ ಪದ ಹೇಳಿಕೊಳ್ಳುತ್ತಿದ್ದೆ ಅಂತ ಬರೆದೆನಲ್ಲ, ಆ ಗೋಡೆಯ ಆಚೆ ಕಡೆ ಇವರೇ ಕೂತಿರುತ್ತಿದ್ದರು.

ಹೇಳಿ ಅಂದೆ. ಮೊದಲು ಬೇಡ ಅಂದರು, ಆಮೇಲೆ ಹೇಳಿದರು. ದನಿ ನೂಲಿನ ಹಾಗೆ ಎಳೆಯಾಗಿದೆ, ಆದರೆ ಒಂದು ಮಾತೂ ಮರೆತಿಲ್ಲ. ನಾನು ತಂಬೂರಿ ತಂದು ಎಷ್ಟು ಇಳಿಯುತ್ತದೋ ಅಷ್ಟೂ ಇಳಿಸಿ ಸೊಲ್ಲು ಎತ್ತಿದೆ. ನಡುವೆ ಅಳು ಬಂತು, ನಿಲ್ಲಿಸಿದೆ. ‘ಬುಡಬ್ಯಾಡ, ಎತ್ತು’ ಅಂತ ಗದರಿದರು.

ಗುರುವಾರ ನಿಮ್ಮಪ್ಪ ಬರುವುದಿಲ್ಲ. ಒಣಶುಂಠಿ, ಹರಳೆಣ್ಣೆ, ಹಳೆ ಸೀರೆ ಎಲ್ಲ ತೆಗೆದುಕೊಂಡು ನಾನೇ ಬರುತ್ತೇನೆ, ನಿಮ್ಮಜ್ಜಿಯೂ ಬರುತ್ತಾರೆ. ಹೆಣ್ಣಿನ ತಾಯಿ ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಕೂತಳು ಅಂತ ಜನ ಆಡಿಕೊಂಡರೆ ಆಡಿಕೊಳ್ಳಲಿ. ಹೆರಿಗೆ ಅಲ್ಲೇ ಆಗಲಿ ಅಂತ ನಿಮ್ಮತ್ತೆಗೆ ಹೇಳು. ತೊಟ್ಟಿಲ ಹಗ್ಗ ಮಾತ್ರ ಒಂದು ದಿನ ಅವರ ಕೈಗೆ, ಒಂದು ದಿನ ನನ್ನ ಕೈಗೆ. ಇದರಲ್ಲಿ ನಾನು ಬಿಟ್ಟುಕೊಡುವವಳಲ್ಲ. ಮೊದಲನೆಯ ದಿನ ಇಬ್ಬರಿಗೂ ಇಲ್ಲ, ಅದು ನಿಮ್ಮಜ್ಜಿಯದು.

ಇನ್ನೊಂದು ಮಾತು, ಅವರು ಹೇಳುವಾಗ ನೀನು ಗಾಬರಿಯಾಗಬಾರದು ಅಂತ ಮೊದಲೇ ಬರೆಯುತ್ತಿದ್ದೇನೆ. ಐದು ಲಿಂಗದ ಗುಡಿಯಿರುವ ಗೋವಿಂದನಹಳ್ಳಿಯಲ್ಲಿ ಹುಟ್ಟಿದವಳು ಅಂತ ನಮ್ಮವ್ವ ನಿನಗೆ ಪಾರ್ವತಿ ಅಂತ ಹೆಸರಿಟ್ಟರು, ನಾವೆಲ್ಲ ಹಾಗೇ ಕರೆದೆವು. ನಿಮ್ಮಜ್ಜಿಯ ಜೋಗುಳದಲ್ಲಿ ನಿನ್ನ ಹೆಸರು ಹೊಂಬಾಳಮ್ಮ.